ಶಿಶುವಿಹಾರದಲ್ಲಿ ಮಕ್ಕಳೆಷ್ಟು?

ನಗರದ ಓಣಿಯೊಂದರ ಸರಕಾರಿ ಶಿಶುವಿಹಾರವನ್ನು ಕಂಡೊಡನೆ ಗೃಹಸ್ಥರು ಕೇಳುವ ಮೊದಲನೆಯ ಪ್ರಶ್ನೆ, ‘ಇಲ್ಲಿ ಮಕ್ಕಳೆಷ್ಟು?’ ಎಂಬುದು. ಅಧಿಕಾರಿಗಳ ಪ್ರಶ್ನೆಯೂ ಅದೇ. ಪ್ರಶ್ನೆಯು ಸಹಜವಾದುದು, ಆದರೆ ಅಪೂರ್ಣವಾದುದು. ಯಾರ ಮಕ್ಕಳು, ಯಾವ ಮನೆಮಾತಿನವರು, ವರ್ಷದ ಯಾವ ತಿಂಗಳುಗಳಲ್ಲಿ ಊರಲ್ಲಿರುವವರು ಎಂಬುದನ್ನು ತಿಳಿಯದೆ ಬರಿಯ ಸಂಖ್ಯೆಯಿಂದ ಶಾಲೆಯನ್ನು ಅಳೆಯಲಾಗದೆಂಬುದನ್ನು ರಾಯಚೂರು ಸೀಮೆಯ ನಿದರ್ಶನದಿಂದ ವಾಚಕರ ಮುಂದಿಡಬಯಸುತ್ತೇವೆ.

ಶಿಶುಶಿಕ್ಷಣವು ನಮ್ಮಲ್ಲಿ ಹೊಸ ವಿಚಾರವಲ್ಲ. ಹಿರಿಯರು ಐದನೆಯ ವರ್ಷದ ಸುಮಾರಿಗೆ ಅಕ್ಷರಾಭ್ಯಾಸ ಮಾಡಿಸುತ್ತಿದ್ದರು; ಅದಕ್ಕೆ ಹಿಂದಿನ ವರ್ಷಗಳು ತಾಯಿಯ ಮಡಿಲಿಗೂ ಅಜ್ಜಿಯ ಕತೆಗೂ ಸಲ್ಲುತ್ತಿದ್ದುವು. ಜರ್ಮನಿಯ ಫ್ರೊಬೆಲ್ ಪಂಡಿತನು 1840ರಲ್ಲಿ ತನ್ನ ಶಾಲೆಗೆ ‘ಮಕ್ಕಳ ತೋಟ’ ಎಂಬರ್ಥದ ಹೆಸರನ್ನಿಟ್ಟನು. ನಮ್ಮ ದೇಶದಲ್ಲಿ ತಾರಾಬಾಯಿ ಮೋಡಕರು ಆದಿವಾಸಿಗಳ ಮನೆಯಂಗಳಕ್ಕೇ ಶಾಲೆಯನ್ನು ಒಯ್ದರು. ಅಂಗನವಾಡಿಯೆಂಬ ಹೆಸರಿನಲ್ಲಿ ಆ ಅಂಗಣವು ಇಂದಿಗೂ ಉಳಿದಿದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲಿನ ಸ್ಥಾನವು ತಿರುಮಕೂಡಲು ನರಸೀಪುರಕ್ಕೆ ಸಂದಿತು. ಮೂರರಿಂದ ಆರು ವರ್ಷದ ಮಗುವಿಗೆ ಅಲ್ಲಿ ಆಟಪಾಠಗಳೊಡನೆ ದಿನಕ್ಕೆ 500 ಕ್ಯಾಲೊರಿಯಷ್ಟು ಪೂರಕ ಆಹಾರವೂ ದೊರೆಯತಕ್ಕುದೆಂದು ನಿಯಮವುಂಟು.

2024ರಲ್ಲಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ 1,008 ಸರಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳನ್ನು ತೆರೆಯಲು ಸರಕಾರವು ನಿಶ್ಚಯಿಸಿತು. ತಮ್ಮ ಕೇಂದ್ರಗಳು ಬರಿದಾಗುವುವೆಂಬ ಭಯದಿಂದ ಅಂಗನವಾಡಿ ಕಾರ್ಯಕರ್ತೆಯರು ಅದೇ ವರ್ಷದ ಜೂನಿನಲ್ಲಿ ಬೆಂಗಳೂರಿನಲ್ಲಿ ಪ್ರತಿಭಟಿಸಿದರು. ಅವರ ಭಯವು ನಿರಾಧಾರವಲ್ಲ. ಅಂಗನವಾಡಿಯೂ ಶಾಲೆಯೂ ನೆರೆಹೊರೆಯಲ್ಲಿರುವೆಡೆ ಎರಡು ಬಾಗಿಲುಗಳು ನಾಲ್ಕು ವರ್ಷದ ಒಂದೇ ಮಗುವನ್ನು ಕರೆಯುತ್ತವೆ. ಒಂದೆಡೆ ಸಂಖ್ಯೆಯು ಏರಿದರೆ ಇನ್ನೊಂದೆಡೆ ಇಳಿಯುತ್ತದೆ. ಈ ಏರಿಳಿತವನ್ನು ಪ್ರಗತಿಯೆಂದಾಗಲಿ ಅವನತಿಯೆಂದಾಗಲಿ ಕರೆಯುವ ಮೊದಲು, ಎರಡು ಪುಸ್ತಕಗಳಲ್ಲಿಯೂ ಹೆಸರಿಲ್ಲದ ಮಗು ಯಾವುದೆಂದು ವಿಚಾರಿಸಬೇಕು.

ಕೃಷ್ಣಾ ತುಂಗಭದ್ರೆಯರ ನಡುವಣ ಈ ಸೀಮೆಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಆದುದರಿಂದ ರಾಯಚೂರು ನಗರದ ಬೀದಿಗಳಲ್ಲಿ ಕನ್ನಡದೊಡನೆ ತೆಲುಗು, ಉರ್ದು, ಲಂಬಾಣಿ ಮಾತುಗಳೂ ಕೇಳಿಬರುತ್ತವೆ. ‘ನೀರು’ ಎಂದರೆ ಒಂದು ಮಗು ತಿರುಗಿ ನೋಡುತ್ತದೆ. ‘ಪಾನಿ’ ಎಂದರೆ ಇನ್ನೊಂದು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆಯು ನೂರಕ್ಕೆ 59.56, ಹೆಂಗಸರಲ್ಲಿ 48.73 ಮಾತ್ರ. ಅಂದಿನ ಬಾಲಕಿಯರಲ್ಲಿ ಅನೇಕರು ಇಂದು ತಾಯಂದಿರು. ಮನೆಯಲ್ಲಿ ಓದಿಸುವವರಿಲ್ಲದ ಮಗುವಿಗೆ ಶಿಶುವಿಹಾರವೇ ಮೊದಲನೆಯ ಪುಸ್ತಕ. ಹದಿನೈದೇ ಮಕ್ಕಳಿರುವ ಶಾಲೆಯಲ್ಲಿ ಮೂರು ಮನೆಮಾತುಗಳಿದ್ದರೆ ಅಧ್ಯಾಪಿಕೆಯ ಶ್ರಮವು ಹದಿನೈದು ಮಕ್ಕಳದ್ದಲ್ಲ.

ದೇವದುರ್ಗ, ಮಾನ್ವಿಗಳ ಕಡೆಗೆ ತಿರುಗಿದರೆ ಪ್ರಶ್ನೆಯು ಇನ್ನೂ ಜಟಿಲವಾಗುತ್ತದೆ. ತುಂಗಭದ್ರಾ ಎಡದಂಡೆಯ ಕಾಲುವೆಯು ಮಾನ್ವಿಯ ನೆಲಕ್ಕೂ, ನಾರಾಯಣಪುರ ಬಲದಂಡೆಯ ಕಾಲುವೆಯು ದೇವದುರ್ಗದ ನೆಲಕ್ಕೂ ನೀರು ತಂದಿವೆ. ಆದರೆ ನೀರು ಮುಟ್ಟದ ಹೊಲಗಳೂ ಉಂಟು, ಹೊಲವೇ ಇಲ್ಲದ ಮನೆಗಳೂ ಉಂಟು. ಅಂಥ ಮನೆಯವರು ಸುಗ್ಗಿ ತೀರಿದೊಡನೆ ಗಂಟು ಕಟ್ಟಿಕೊಂಡು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ನೋಡಿಕೊಳ್ಳುವ ಅಜ್ಜಿಯಿದ್ದರೆ ಮಗು ಊರಲ್ಲುಳಿಯುತ್ತದೆ. ಇಲ್ಲವಾದರೆ ತಾಯಿಯ ಸೆರಗು ಹಿಡಿದು ಹೊರಡುತ್ತದೆ. ಜೂನಿನಲ್ಲಿ ಬರೆದ ಹೆಸರು ಪುಸ್ತಕದಲ್ಲಿಯೇ ಇರುತ್ತದೆ. ಜನವರಿಯಲ್ಲಿ ಮಗು ಇರುವುದಿಲ್ಲ. ಅದು ಹೋಗಿ ತಲುಪಿದ ಊರಿನಲ್ಲಿ ಮಗು ಇರುತ್ತದೆ, ಪುಸ್ತಕದಲ್ಲಿ ಹೆಸರಿರುವುದಿಲ್ಲ. ವರ್ಷಾರಂಭದ ಎಣಿಕೆಗೆ ಈ ಎರಡೂ ಗೋಚರಿಸುವುದಿಲ್ಲ.

ಆದುದರಿಂದ ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಮೂರು. ಮೊದಲನೆಯದಾಗಿ, ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಾಗಲಿ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಾಗಲಿ ಕುಳಿತವರು ದಾಖಲಾತಿಯೊಡನೆ ತಿಂಗಳು ತಿಂಗಳಿನ ಹಾಜರಿಯನ್ನೂ ಮಕ್ಕಳ ಮನೆಮಾತನ್ನೂ ಕೇಳಿ ತಿಳಿಯಬೇಕು. ಎರಡನೆಯದಾಗಿ, ಮಗುವನ್ನು ಒಂದನೆಯ ತರಗತಿಗೆ ದೂಡಲು ಆತುರಪಡಬಾರದು. ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ನೆಯ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಆದರೆ ಆಟದ ವರ್ಷವೊಂದು ಕಳೆದರೆ ಮರಳಿ ಬಾರದು. ಮೂರನೆಯದಾಗಿ, ಮನೆ ಕಟ್ಟಿಸುವವರು ಕೆಲಸದವರ ಮಗುವನ್ನು ಸಮೀಪದ ಅಂಗನವಾಡಿಗೆ ಸೇರಿಸಲು ಮುಂದಾಗಬೇಕು. ಒಂದು ಕೇಂದ್ರದಲ್ಲಿ ನೋಂದಾಯಿಸಿದ ಹೆಸರನ್ನು ಇನ್ನೊಂದಕ್ಕೆ ವರ್ಗಾಯಿಸಲು ಪೋಷಣ್ ಟ್ರ್ಯಾಕರಿನಲ್ಲಿ ಅವಕಾಶವುಂಟು. ಆದರೆ ಕೇಳುವವರಿಲ್ಲದೆ ವರ್ಗಾವಣೆಯು ತಾನಾಗಿ ಆಗುವುದಿಲ್ಲ.

ಗೋಡೆಯ ನೆರಳಿನಲ್ಲಿ ಜೋಳಿಗೆ ಕಟ್ಟಿ ತೂಗುವ ಮಗುವಿನ ಅಕ್ಕನಿಗೆ ನಾಲ್ಕು ವರ್ಷವಾಗಿರಬಹುದು. ಆಕೆಯ ಹೆಸರು ಯಾವ ಪುಸ್ತಕದಲ್ಲಿದೆಯೆಂದು ನಾವು ಒಮ್ಮೆ ವಿಚಾರಿಸೋಣ.