ಮಕ್ಕಳಿಗೆ ಲಾ ಓದಿಸಬೇಕಾ? ಫೀಸಿನ ಜೊತೆ ಮೊದಲ ಮೂರು ವರ್ಷದ ದುಡಿಮೆ ಲೆಕ್ಕವನ್ನೂ ಹಾಕಿ

ಪಿಯುಸಿ ಮುಗಿಸಿದ ಮಗನೋ ಮಗಳೋ ‘ಲಾ ಓದ್ತೀನಿ’ ಅಂದರೆ ಬೇಡ ಅನ್ನುವ ಮನೆಗಳು ಈಗ ಕಡಿಮೆ. ಆದರೆ ಕಾಲೇಜಿನ ಫೀಸ್ ಪಟ್ಟಿ ಕೈಗೆ ಬಂದಾಗ ಅಪ್ಪ-ಅಮ್ಮ ಗೊಂದಲಕ್ಕೆ ಬೀಳುತ್ತಾರೆ. ಒಂದು ಕಡೆ ವರ್ಷಕ್ಕೆ ಕೆಲವು ಸಾವಿರ ರೂಪಾಯಿ. ಇನ್ನೊಂದು ಕಡೆ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು. ಎರಡೂ ಕಡೆ ಸಿಗುವುದು ಕಾನೂನು ಪದವಿಯೇ, ಓದಿದವರು ಹಾಕುವುದೂ ಅದೇ ಕರಿ ಕೋಟು. ಹಾಗಾದರೆ ಯಾವುದಕ್ಕೆ ದುಡ್ಡು ಹಾಕಬೇಕು? ಸಾಲ ಮಾಡಿದರೆ ತೀರುತ್ತಾ?

ಕಾನೂನು ಓದಿನ ಖರ್ಚನ್ನು ಐದು ವರ್ಷದ ಫೀಸಿಗಷ್ಟೇ ನೋಡಿದರೆ ಲೆಕ್ಕ ಅರ್ಧ ಆಗುತ್ತದೆ. ಉಳಿದರ್ಧ ಇರುವುದು ಪದವಿ ಮುಗಿದ ಮೇಲಿನ ಮೊದಲ ಎರಡು-ಮೂರು ವರ್ಷಗಳಲ್ಲಿ. ಜೂನಿಯರ್ ಆಗಿ ದುಡಿಯುವ ಆ ದಿನಗಳಲ್ಲಿ ಕೈಗೆ ಬರುವ ಹಣ ತೀರಾ ಕಡಿಮೆ. ಸಾಲದ ಕಂತು ಶುರುವಾಗುವುದೂ ಆಗಲೇ.

ಎಲ್ಲಿ ಎಷ್ಟು ಖರ್ಚು?

ರಾಜ್ಯದಲ್ಲಿ ಲಾ ಓದಲು ಮುಖ್ಯವಾಗಿ ಮೂರು ದಾರಿ ಇವೆ.

ಮೊದಲನೆಯದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು. ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಇವುಗಳಲ್ಲಿ ಹಳೆಯದು. ಇಲ್ಲಿನ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಪರೀಕ್ಷೆ ಬರೆಯಬೇಕು. ಹಾಸ್ಟೆಲ್, ಊಟ ಎಲ್ಲ ಸೇರಿದರೆ ವರ್ಷಕ್ಕೆ ಮೂರು ಲಕ್ಷ ದಾಟುತ್ತದೆ. ಸರ್ಕಾರದ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಅಂದಮಾತ್ರಕ್ಕೆ ಸರ್ಕಾರಿ ಕಾಲೇಜಿನ ಫೀಸ್ ಇರುತ್ತದೆ ಅಂದುಕೊಳ್ಳುವಂತಿಲ್ಲ. ಇಂಥ ವಿ.ವಿ.ಗಳು ಖರ್ಚಿನ ದೊಡ್ಡ ಪಾಲನ್ನು ವಿದ್ಯಾರ್ಥಿಗಳ ಫೀಸಿನಿಂದಲೇ ತುಂಬಿಸಿಕೊಳ್ಳುತ್ತವೆ.

ಎರಡನೆಯದು ಖಾಸಗಿ ವಿಶ್ವವಿದ್ಯಾಲಯಗಳು. ಇಲ್ಲಿ ಫೀಸು ಒಂದೊಂದು ಕಡೆ ಒಂದೊಂದು ಥರ. ರಾಷ್ಟ್ರೀಯ ಕಾನೂನು ವಿ.ವಿ.ಗಿಂತ ದುಬಾರಿಯಾದವೂ ಇವೆ.

ಮೂರನೆಯದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿ ಬರುವ ಕಾಲೇಜುಗಳು. ಬೆಳಗಾವಿ, ಮಂಗಳೂರು, ಉಡುಪಿ, ಶಿವಮೊಗ್ಗ, ಮೈಸೂರು ಸೇರಿ ಬಹುತೇಕ ಜಿಲ್ಲೆಗಳಲ್ಲಿ ಇಂಥ ಕಾಲೇಜುಗಳಿವೆ. ಹೊಳೆನರಸೀಪುರ, ರಾಮನಗರದಂಥ ಕಡೆ ಸರ್ಕಾರಿ ಕಾನೂನು ಕಾಲೇಜುಗಳೂ ಇವೆ. ಇಲ್ಲಿ ಫೀಸು ಸಾವಿರದ ಲೆಕ್ಕದಲ್ಲಿರುತ್ತದೆ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕ್ಲ್ಯಾಟ್ ಮಾತ್ರ ಇಂಗ್ಲಿಷಿನಲ್ಲೇ.

ಮಧ್ಯಮ ವರ್ಗ ಸಿಕ್ಕಿಬೀಳುವುದು ಎಲ್ಲಿ?

ತಿಂಗಳಿಗೆ ನಲವತ್ತೋ ಐವತ್ತೋ ಸಾವಿರ ದುಡಿಯುವ ದಿನಸಿ ಅಂಗಡಿಯವರು, ಮೆಡಿಕಲ್ ಸ್ಟೋರ್‌ನವರು, ಶಾಲಾ ಶಿಕ್ಷಕರ ಮನೆಯನ್ನೇ ತೆಗೆದುಕೊಳ್ಳಿ. ವರ್ಷದ ಆದಾಯ ಐದಾರು ಲಕ್ಷ. ಅದರಲ್ಲಿ ಮೂರು ಲಕ್ಷ ಒಂದೇ ಮಗುವಿನ ಫೀಸಿಗೆ ಹೋದರೆ ಮನೆ ನಡೆಯುವುದಿಲ್ಲ. ಹಾಗಂತ ವಿದ್ಯಾರ್ಥಿವೇತನಕ್ಕೆ ಹೋದರೆ ‘ನಿಮ್ಮ ಆದಾಯ ಮಿತಿ ದಾಟಿದೆ’ ಎಂಬ ಉತ್ತರ ಬರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗಿರುವ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೇ ವಾರ್ಷಿಕ 2.5 ಲಕ್ಷ ರೂ. ಆದಾಯ ಮಿತಿ ಇದೆ.

ಸಿಗುವ ನೆರವೂ ದೊಡ್ಡ ಫೀಸಿನ ಮುಂದೆ ಸಣ್ಣದು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ರೈತರ ಮಕ್ಕಳು ಎಲ್‌ಎಲ್‌ಬಿ ಓದಿದರೆ ಹುಡುಗರಿಗೆ ವರ್ಷಕ್ಕೆ 7,500 ರೂ., ಹುಡುಗಿಯರಿಗೆ 8,000 ರೂ. ಎಂದು ನಿಗದಿಯಾಗಿತ್ತು. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಓದುವವರಿಗೆ ಇದರಿಂದ ಎಷ್ಟೋ ಅನುಕೂಲ. ಮೂರು ಲಕ್ಷದ ಫೀಸಿಗೆ ಇದು ಎಲ್ಲಿಗೂ ಸಾಲದು.

ಬಡವರ ಪಟ್ಟಿಗೂ ಸೇರದ, ಶ್ರೀಮಂತರ ಪಟ್ಟಿಗೂ ಸೇರದ ಈ ಮನೆಗಳಿಗೆ ಉಳಿಯುವುದು ಬ್ಯಾಂಕ್ ಸಾಲ.

ಸಾಲ ಮಾಡಿದರೆ ಕಂತು ಎಷ್ಟು ಬರುತ್ತದೆ?

ಉದಾಹರಣೆಗೆ, ವರ್ಷಕ್ಕೆ 3 ಲಕ್ಷದಂತೆ ಐದು ವರ್ಷಕ್ಕೆ 15 ಲಕ್ಷ ರೂ. ಸಾಲ ಎಂದುಕೊಳ್ಳಿ. ಬಡ್ಡಿ ಶೇ. 10. ಓದುವ ಐದು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಸರಳ ಬಡ್ಡಿ ಹಾಕಿದರೂ ಆ ಆರು ವರ್ಷಕ್ಕೆ 6 ಲಕ್ಷ ರೂ. ಸೇರಿಕೊಳ್ಳುತ್ತದೆ. 15 ಲಕ್ಷ ಅಂದುಕೊಂಡಿದ್ದು ಕಂತು ಶುರುವಾಗುವ ಹೊತ್ತಿಗೆ 21 ಲಕ್ಷ ಆಗಿರುತ್ತದೆ.

ಇದನ್ನು 10 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 27,750 ರೂ. ಕಟ್ಟಬೇಕು. 15 ವರ್ಷಕ್ಕೆ ಎಳೆದರೆ ಸುಮಾರು 22,570 ರೂ.

ಇದೇ ಸಾಲಕ್ಕೆ ಓದುವಾಗಲೇ ಬಡ್ಡಿ ಮಾತ್ರ ಕಟ್ಟುತ್ತಾ ಬಂದರೆ ಹೊರೆ ಇಳಿಯುತ್ತದೆ. ಮೊದಲ ವರ್ಷ ತಿಂಗಳಿಗೆ 2,500 ರೂ. ಸಾಕು. ದಿನಕ್ಕೆ ನೂರು ರೂಪಾಯಿ ಪಿಗ್ಮಿ ಕಟ್ಟುವ ಅಂಗಡಿಯವರಿಗೆ ಇದು ಆಗುವಂಥದ್ದೇ. ಆದರೆ ವರ್ಷ ಹೋದಂತೆ ಏರುತ್ತದೆ. ಐದನೇ ವರ್ಷಕ್ಕೆ ತಿಂಗಳಿಗೆ 12,500 ರೂ. ಆಗುತ್ತದೆ. ಕೊನೆಯವರೆಗೂ ಹೀಗೆ ಕಟ್ಟಿದರೆ ಸಾಲ 15 ಲಕ್ಷದಲ್ಲೇ ನಿಲ್ಲುತ್ತದೆ. 10 ವರ್ಷದ ಕಂತು ಸುಮಾರು 19,820 ರೂ.ಗೆ ಇಳಿಯುತ್ತದೆ. ಓದುವಾಗಲೇ ಬಡ್ಡಿ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿ ದರದಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ. ಕೇಳಿ ನೋಡಬೇಕು.

ಬ್ಯಾಂಕುಗಳು ಸಾಮಾನ್ಯವಾಗಿ 7.5 ಲಕ್ಷ ರೂ.ವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ. ಅದಕ್ಕಿಂತ ಮೇಲೆ ಹೋದರೆ ಮನೆ, ಸೈಟು ಪತ್ರ ಕೇಳಬಹುದು. ಅಂಗಡಿ ಸಾಲಕ್ಕೆ ಈಗಾಗಲೇ ಅದೇ ಪತ್ರ ಬ್ಯಾಂಕಿನಲ್ಲಿದ್ದರೆ ಅಲ್ಲೇ ತೊಡಕು.

ಜೂನಿಯರ್ ಲಾಯರ್ ಸಂಪಾದನೆ ಎಷ್ಟು?

ಲೆಕ್ಕ ತಪ್ಪುವುದು ಇಲ್ಲಿ. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ಸುತ್ತೋಲೆ ಹೊರಡಿಸಿತು. ಜೂನಿಯರ್ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000 ರೂ., ಗ್ರಾಮೀಣ ಭಾಗದಲ್ಲಿ 15,000 ರೂ. ಶಿಷ್ಯವೇತನ ಕೊಡಬೇಕು ಎಂಬುದು ಅದರ ಶಿಫಾರಸು. ಶಿಫಾರಸು ಅಷ್ಟೇ, ಕಡ್ಡಾಯವಲ್ಲ. ಸಣ್ಣ ಊರಿನ ಸೀನಿಯರ್‌ಗಳಿಗೂ ಅಷ್ಟು ಕೊಡುವಷ್ಟು ಸಂಪಾದನೆ ಇರಬೇಕಲ್ಲ?

ಆ 15,000 ಪೂರ್ತಿ ಸಿಕ್ಕಿತು ಅಂತಲೇ ಇಟ್ಟುಕೊಂಡರೂ 27,750ರ ಕಂತಿಗೆ ಅರ್ಧವಷ್ಟೇ ಆಯಿತು. ಊಟ, ಬಸ್ಸು, ಪುಸ್ತಕ ಬೇರೆ.

ಹಾಗಾಗಿ ದೊಡ್ಡ ಸಾಲ ಮಾಡಿ ಓದಿದವರು ಬೆಂಗಳೂರು, ಮುಂಬೈ, ದೆಹಲಿಯ ದೊಡ್ಡ ಲಾ ಫರ್ಮ್‌ಗಳಿಗೋ ಕಂಪನಿಗಳ ಕಾನೂನು ವಿಭಾಗಕ್ಕೋ ಹೋಗಲೇಬೇಕಾಗುತ್ತದೆ. ಅಲ್ಲಿ ಸಂಬಳ ಚೆನ್ನಾಗಿದೆ. ಪ್ರತಿಷ್ಠಿತ ಕಾನೂನು ವಿ.ವಿ.ಗಳಲ್ಲಿ ಕ್ಯಾಂಪಸ್ ಆಯ್ಕೆಯೂ ನಡೆಯುತ್ತದೆ. ಅಂಥ ಕೆಲಸವೇ ಗುರಿ ಆಗಿದ್ದರೆ ಸಾಲಕ್ಕೆ ಅರ್ಥ ಇದೆ. ಆದರೆ ‘ಓದಿ ಬಂದು ನಮ್ಮೂರ ಕೋರ್ಟಲ್ಲೇ ಪ್ರಾಕ್ಟೀಸ್ ಮಾಡ್ತೀನಿ’ ಅನ್ನುವ ಹುಡುಗಿಗೆ 21 ಲಕ್ಷದ ಸಾಲ ಹೊರಿಸಿದರೆ ಅವಳು ಊರಿಗೆ ಬರುವುದೇ ಕಷ್ಟ. ಕೂಲಿ ಬಾಕಿ, ಜಮೀನು ತಕರಾರು, ಚೆಕ್ ಬೌನ್ಸ್ ಕೇಸುಗಳನ್ನು ಕಡಿಮೆ ಫೀಸಿಗೆ ನಡೆಸಿಕೊಡುವ ಒಬ್ಬ ಲಾಯರ್ ತಾಲ್ಲೂಕಿಗೆ ಕಡಿಮೆಯಾದಂತೆ.

ಜಡ್ಜ್ ಆಗಬೇಕು ಅನ್ನುವವರಿಗೂ ಈ ಲೆಕ್ಕ ತಪ್ಪದು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ಜಾರಿಗೆ ತಂದಿತು. ಅಂದರೆ ಕಾಲೇಜಿನಿಂದ ಬಂದ ಕೂಡಲೇ ಪರೀಕ್ಷೆ ಬರೆಯುವ ದಾರಿ ಮುಚ್ಚಿದೆ. ಆ ಮೂರು ವರ್ಷ ಮನೆಯವರೇ ಕೈಹಿಡಿಯಬೇಕು.

ಪರಿಶಿಷ್ಟ ಜಾತಿ, ಪಂಗಡ ಹಾಗೂ ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ತರಬೇತಿ ಅವಧಿಯಲ್ಲಿ ಶಿಷ್ಯವೇತನ ಕೊಡುವ ಯೋಜನೆಗಳು ರಾಜ್ಯ ಸರ್ಕಾರದ ಇಲಾಖೆಗಳಲ್ಲಿವೆ. ಅರ್ಹತೆ, ಆದಾಯ ಮಿತಿಯನ್ನು ತಾಲ್ಲೂಕಿನ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಚೇರಿಯಲ್ಲಿ ವಿಚಾರಿಸಬಹುದು.

ಬಡ್ಡಿಯಲ್ಲಿ ಸಿಗುವ ಸಹಾಯ

ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದರ ಮುಖ್ಯ ಅಂಶಗಳು:

- ಪಟ್ಟಿಯಲ್ಲಿರುವ ಉತ್ತಮ ಶ್ರೇಯಾಂಕದ ಸಂಸ್ಥೆಗಳಲ್ಲಿ ಮೆರಿಟ್ ಮೇಲೆ ಸೀಟು ಸಿಕ್ಕವರಿಗೆ ಅಡಮಾನವಿಲ್ಲದೆ, ಜಾಮೀನಿಲ್ಲದೆ ಸಾಲ.
- ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ.ವರೆಗೆ ಇದ್ದರೆ 10 ಲಕ್ಷ ರೂ.ವರೆಗಿನ ಸಾಲಕ್ಕೆ ಓದುವ ಅವಧಿಯ ಬಡ್ಡಿಯಲ್ಲಿ ಶೇ. 3ರಷ್ಟು ಸಹಾಯ. ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ.
- ಆದಾಯ 4.5 ಲಕ್ಷ ರೂ. ಒಳಗಿದ್ದು ವೃತ್ತಿಪರ ಕೋರ್ಸ್ ಓದುವವರಿಗೆ ಆ ಅವಧಿಯ ಪೂರ್ತಿ ಬಡ್ಡಿ ಸಹಾಯ ಕೊಡುವ ಯೋಜನೆ ಬೇರೆ ಇದೆ.
- ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಇದು ಅನ್ವಯಿಸುವುದಿಲ್ಲ.

ಇದು ಬಡ್ಡಿಗೆ ಸಹಾಯ, ಸಾಲ ಮನ್ನಾ ಅಲ್ಲ. ಜೊತೆಗೆ ಸೇರುವ ಕಾಲೇಜು ಪಟ್ಟಿಯಲ್ಲಿ ಇದೆಯಾ ಎಂದು ಮೊದಲೇ ನೋಡಿಕೊಳ್ಳಬೇಕು. ಸೀಟು ಪಡೆದ ಮೇಲೆ ನೋಡಿದರೆ ಉಪಯೋಗವಿಲ್ಲ.

ಅಂಗಡಿಯವರು ಗಮನಿಸಬೇಕಾದ್ದು ಇನ್ನೊಂದಿದೆ. ಸಾಲಕ್ಕೆ ಬ್ಯಾಂಕಿನವರು ಐಟಿ ರಿಟರ್ನ್ಸ್ ಕೇಳುತ್ತಾರೆ. ಬಡ್ಡಿ ಸಹಾಯಕ್ಕೆ, ವಿದ್ಯಾರ್ಥಿವೇತನಕ್ಕೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕು. ಒಂದರಲ್ಲಿ ಆರು ಲಕ್ಷ, ಇನ್ನೊಂದರಲ್ಲಿ ಎಂಬತ್ತು ಸಾವಿರ ಅಂತಿದ್ದರೆ ಅರ್ಜಿ ನಿಲ್ಲುತ್ತದೆ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರು ಶಿಕ್ಷಣ ಸಾಲದ ಬಡ್ಡಿಯನ್ನು ಎಂಟು ವರ್ಷದವರೆಗೆ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಈ ಅವಕಾಶ ಇಲ್ಲ.

ಕಡಿಮೆ ಖರ್ಚಿನ ದಾರಿ

ಬಿಎ, ಬಿಕಾಂ, ಬಿಎಸ್ಸಿ ಯಾವುದೇ ಪದವಿ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ. 45 ಅಂಕ ಸಾಕು. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಫೀಸು ವರ್ಷಕ್ಕೆ 40 ಸಾವಿರ, ರೂಮು-ಮೆಸ್ಸಿಗೆ ತಿಂಗಳಿಗೆ 7 ಸಾವಿರ ಎಂದು ಹಿಡಿದರೆ ಮೂರು ವರ್ಷಕ್ಕೆ 3.72 ಲಕ್ಷ ರೂ. ಮನೆಯಿಂದಲೇ ಬಸ್ಸಿನಲ್ಲಿ ಓಡಾಡಿದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಪದವಿ ಮೂರು, ಎಲ್‌ಎಲ್‌ಬಿ ಮೂರು, ಒಟ್ಟು ಆರು ವರ್ಷ ಬೇಕು. ಪಿಯುಸಿ ಆದ ಮೇಲಿನ ಐದು ವರ್ಷದ ಕೋರ್ಸಿಗಿಂತ ಒಂದು ವರ್ಷ ಜಾಸ್ತಿ.

ಕೋರ್ಟಿನಲ್ಲಿ ವಾದ ಮಾಡಲು ಸಿಗುವ ಸನ್ನದು ಎರಡಕ್ಕೂ ಒಂದೇ. ಆದರೆ ಕಾಲೇಜಿನ ಹೆಸರು ನೋಡಿ ಕೆಲಸ ಕೊಡುವ ದೊಡ್ಡ ಫರ್ಮ್‌ಗಳ ಬಾಗಿಲು ಇಲ್ಲಿ ಓದಿದವರಿಗೆ ಅಷ್ಟು ಸುಲಭವಾಗಿ ತೆರೆಯುವುದಿಲ್ಲ ಎಂಬುದನ್ನೂ ಹೇಳಲೇಬೇಕು.

ಎರಡು ಎಚ್ಚರಿಕೆ. ಅಂಚೆ ಮೂಲಕ, ದೂರಶಿಕ್ಷಣದಲ್ಲಿ ಮಾಡಿದ ಎಲ್‌ಎಲ್‌ಬಿಗೆ ಸನ್ನದು ಸಿಗುವುದಿಲ್ಲ. ಹಾಗೆಯೇ ತರಗತಿಗೆ ಶೇ. 70 ಹಾಜರಾತಿ ಬೇಕು. ‘ಅಂಗಡಿ ನೋಡ್ಕೊಂಡು ಹೆಸರಿಗೆ ಕಾಲೇಜು ಸೇರ್ತೀನಿ’ ಅನ್ನುವುದು ನಡೆಯುವುದಿಲ್ಲ.

ಹಣ ಇಲ್ಲ ಎಂಬ ಕಾರಣಕ್ಕೆ ಜಾಣ ಮಕ್ಕಳು ಕ್ಲ್ಯಾಟ್ ಆಸೆಯನ್ನೇ ಬಿಡಬೇಕಾಗಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಸೀಟು ಮೀಸಲಿದೆ. ರಾಜ್ಯದ ಶಾಲಾ-ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ಸಂಸ್ಥೆಯದೇ ಆರ್ಥಿಕ ನೆರವಿನ ವ್ಯವಸ್ಥೆಯೂ ಇದೆ. ಕಾನೂನು ಪ್ರಾಧ್ಯಾಪಕರಾಗಿದ್ದ ದಿವಂಗತ ಶಮ್ನಾದ್ ಬಶೀರ್ 2010ರಲ್ಲಿ ಕಟ್ಟಿದ ‘ಐಡಿಯಾ’ ಎಂಬ ಸಂಸ್ಥೆ, ಬಡ ಮತ್ತು ಹಿಂದುಳಿದ ಹಿನ್ನೆಲೆಯ ಮಕ್ಕಳನ್ನು ಆರಿಸಿ ಕ್ಲ್ಯಾಟ್‌ಗೆ ತಯಾರು ಮಾಡುತ್ತದೆ.

ಸನ್ನದು ಪಡೆಯುವಾಗ ಹೆಚ್ಚು ಕೊಡಬೇಡಿ

ಪದವಿ ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಮೊದಲೆಲ್ಲ ಇದಕ್ಕೆ ನಾನಾ ರಾಜ್ಯಗಳಲ್ಲಿ ಹತ್ತಾರು ಸಾವಿರ ರೂಪಾಯಿ ವಸೂಲಿ ಆಗುತ್ತಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಹಾಕಿತು. 1961ರ ವಕೀಲರ ಕಾಯ್ದೆಯಲ್ಲಿ ಇರುವಂತೆ ಸಾಮಾನ್ಯ ವರ್ಗದವರಿಗೆ 750 ರೂ., ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂ. ಮಾತ್ರ ನೋಂದಣಿ ಶುಲ್ಕ. ‘ಐಚ್ಛಿಕ’ ಎಂಬ ಹೆಸರಿನಲ್ಲೂ ಹೆಚ್ಚುವರಿ ಹಣ ಪಡೆಯುವಂತಿಲ್ಲ ಎಂದು ಕರ್ನಾಟಕಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ 2025ರಲ್ಲಿ ಸ್ಪಷ್ಟಪಡಿಸಿತು. ಇದಾದ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆಗೆ ಬೇರೆ ಶುಲ್ಕ ಇರುತ್ತದೆ.

ಸೇರುವ ಮೊದಲು ನೋಡಿಕೊಳ್ಳಿ

- ಕ್ಲ್ಯಾಟ್ ಈಚಿನ ವರ್ಷಗಳಲ್ಲಿ ಡಿಸೆಂಬರ್‌ನಲ್ಲೇ ನಡೆಯುತ್ತಿದೆ. ದ್ವಿತೀಯ ಪಿಯು ಫಲಿತಾಂಶ ಬರುವವರೆಗೆ ಕಾದರೆ ಆ ವರ್ಷದ ಅವಕಾಶ ಹೋಯಿತು. ಅರ್ಜಿ ಶುಲ್ಕವೇ ಸಾಮಾನ್ಯ ವರ್ಗಕ್ಕೆ 4,000 ರೂ.
- ಕಾಲೇಜಿಗೆ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಇದೆಯಾ ಎಂದು ಖಚಿತ ಮಾಡಿಕೊಳ್ಳಿ.
- ಮೊದಲ ವರ್ಷದ ಫೀಸಲ್ಲ, ಪೂರ್ತಿ ಕೋರ್ಸಿನ ಫೀಸನ್ನು ಬರವಣಿಗೆಯಲ್ಲಿ ಕೇಳಿ. ಪ್ರತಿ ವರ್ಷ ಏರುತ್ತದಾ, ಹಾಸ್ಟೆಲ್ ಸೇರಿದೆಯಾ ವಿಚಾರಿಸಿ.
- ಸಾಲ ಕೇಳುವ ದಿನವೇ ಕಂತು ಎಷ್ಟು ಬರುತ್ತದೆ ಎಂದು ಬ್ಯಾಂಕಿನಲ್ಲಿ ಬರೆಸಿಕೊಳ್ಳಿ.
- ಓದಿದ ಮೇಲೆ ಏನು ಮಾಡುವ ಆಸೆ ಎಂದು ಮಗ-ಮಗಳನ್ನೇ ಕೂರಿಸಿ ಕೇಳಿ. ಕಂಪನಿ ಕೆಲಸವೋ, ಊರ ಕೋರ್ಟೋ, ಜಡ್ಜ್ ಹುದ್ದೆಯೋ? ಉತ್ತರ ಯಾವುದೇ ಇರಲಿ, ಜೂನಿಯರ್ ಆಗಿರುವ ಮೊದಲ ಮೂರು ವರ್ಷಕ್ಕೆ ಬೇಕಾಗುವ ಹಣವನ್ನೂ ಫೀಸಿನ ಲೆಕ್ಕದೊಳಗೇ ಸೇರಿಸಿ, ಆಮೇಲೆ ಎಷ್ಟು ಸಾಲ ಎಂದು ತೀರ್ಮಾನಿಸಿ.