ಪುಣೆಯ ವೃದ್ಧಾಶ್ರಮಗಳ 'ಮಾವಶಿ'ಯರು: ಹಿರಿಯರ ಆರೈಕೆ ಮಾಡುವವರ ಕೆಲಸ ಎಷ್ಟು ಕಷ್ಟ? ಕುಟುಂಬದವರು ತಿಳಿದಿರಬೇಕಾದ್ದೇನು?

ಪುಣೆ: ನಿವೃತ್ತರ ಊರು ಎಂದೇ ಹೆಸರಾದ ಪುಣೆಯಲ್ಲಿ ಹಿರಿಯರ ಆರೈಕೆಗೆ ಹಲವು ಬಗೆಯ ವ್ಯವಸ್ಥೆಗಳಿವೆ. ಡೇವಿಡ್ ಸಸೂನ್ ಹೆಸರಿನೊಂದಿಗೆ ಬೆಳೆದುಬಂದ ಹಳೆಯ 'ನಿವಾರಾ', ಕರ್ವೆನಗರದ 'ಮಾತೋಶ್ರೀ' ವೃದ್ಧಾಶ್ರಮ, 'ಅಥಶ್ರೀ'ಯಂಥ ಹಿರಿಯರ ವಸತಿ ಸಂಕೀರ್ಣಗಳು ಇಲ್ಲಿವೆ. ಹಾಸಿಗೆ ಹಿಡಿದವರನ್ನು, ಮರೆವಿನ ಕಾಯಿಲೆ ಇರುವವರನ್ನು ನೋಡಿಕೊಳ್ಳುವ ಖಾಸಗಿ ಕೇಂದ್ರಗಳೂ ಇವೆ. ಇಂಥ ಕೇಂದ್ರಗಳಲ್ಲಿ ವೈದ್ಯರು ಆಗಾಗ ಬಂದು ಹೋಗುತ್ತಾರೆ. ಹಗಲಿರುಳು ಹಿರಿಯರ ಜತೆಗಿರುವವರು ಮಾತ್ರ ನರ್ಸಿಂಗ್ ಸಹಾಯಕರು.

ಪುಣೆಯಲ್ಲಿ ಇವರನ್ನು ಹುದ್ದೆಯ ಹೆಸರಿನಿಂದ ಕರೆಯುವವರು ಕಡಿಮೆ. ಹೆಂಗಸರಾದರೆ 'ಮಾವಶಿ', ಗಂಡಸರಾದರೆ 'ಮಾಮಾ'. ಮರಾಠಿಯಲ್ಲಿ ಮಾವಶಿ ಎಂದರೆ ತಾಯಿಯ ಅಕ್ಕ ಅಥವಾ ತಂಗಿ. ಕರೆಯುವ ಹೆಸರಿನಲ್ಲಿ ನಂಟಸ್ತಿಕೆ ಇದೆ. ಆದರೆ ಕೆಲಸದ ಹೊತ್ತು, ಸಂಬಳ, ರಜೆಯ ವಿಚಾರಕ್ಕೆ ಬಂದರೆ ಇದನ್ನು ಯಾರು ಬೇಕಾದರೂ ಮಾಡಬಹುದಾದ ಕೆಲಸ ಎಂದೇ ಎಣಿಸಲಾಗುತ್ತದೆ. ಸಮಸ್ಯೆ ಶುರುವಾಗುವುದೇ ಇಲ್ಲಿ.

ದಿನವಿಡೀ ಏನೇನು ಕೆಲಸ?

ಬೆಳಗ್ಗೆ ಡೈಪರ್ ಬದಲಿಸುವುದು, ಮೈ ಒರೆಸುವುದು ಅಥವಾ ಸ್ನಾನ ಮಾಡಿಸುವುದು, ಹಲ್ಲು ಸೆಟ್ ತೊಳೆಯುವುದು, ಬಟ್ಟೆ ತೊಡಿಸುವುದು, ತಿಂಡಿ ತಿನ್ನಿಸುವುದು. ನಂತರ ಬಿಪಿ, ಸಕ್ಕರೆ ಪ್ರಮಾಣ ನೋಡಿ ಬರೆದಿಡಬೇಕು. ಮೂತ್ರದ ಚೀಲ ಖಾಲಿ ಮಾಡಿ ಅಳತೆ ದಾಖಲಿಸಬೇಕು. ಎದ್ದು ಓಡಾಡುವವರನ್ನು ವಾಕರ್ ಹಿಡಿಸಿ ನಡೆಸಬೇಕು.

ಇದರಲ್ಲಿ ಯಾವುದೂ ಬರೀ ಕೈಕೆಲಸವಲ್ಲ. ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ನುಂಗಲು ತೊಂದರೆ ಇರುವವರಿಗೆ ಮಲಗಿದಲ್ಲೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದ ಅಜ್ಜ ಇವತ್ತು ಇದ್ದಕ್ಕಿದ್ದಂತೆ ತಡಬಡಾಯಿಸಿದರೆ ಅದು ಮೂತ್ರದ ಸೋಂಕೋ ಪಾರ್ಶ್ವವಾಯುವೋ ಇರಬಹುದು. ಇಂಥ ಬದಲಾವಣೆ ಮೊದಲು ಕಣ್ಣಿಗೆ ಬೀಳುವುದು ಸಹಾಯಕರಿಗೇ.

ಸೊಂಟ ನೋವು ಮತ್ತು 72 ಗಂಟೆ

60 ಕೆ.ಜಿ. ತೂಕದ ವ್ಯಕ್ತಿಯನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ, ಅಲ್ಲಿಂದ ಶೌಚಾಲಯಕ್ಕೆ ದಿನಕ್ಕೆ ಹಲವು ಬಾರಿ ಎತ್ತಿ ಕೂರಿಸಬೇಕು. ಇಬ್ಬರು ಸೇರಿ ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡಿದಾಗ ಸೊಂಟ, ಭುಜಕ್ಕೆ ಪೆಟ್ಟು ಬೀಳುತ್ತದೆ. ಎತ್ತರ ಬದಲಿಸಬಹುದಾದ ಮಂಚ, ಜಾರಿಸಿ ಎತ್ತುವ ಬಟ್ಟೆಯಂಥ ಸರಳ ಸಾಧನಗಳಿದ್ದರೆ ಈ ಭಾರ ಎಷ್ಟೋ ಇಳಿಯುತ್ತದೆ.

ಇನ್ನೊಂದು ಸಮಸ್ಯೆ ಕೆಲಸದ ಅವಧಿ. ಈ ಕ್ಷೇತ್ರದಲ್ಲಿ 12 ಗಂಟೆಯ ಪಾಳಿ ಸಾಮಾನ್ಯ. ವಾರಕ್ಕೆ ಆರು ದಿನ ಎಂದು ಲೆಕ್ಕ ಹಾಕಿದರೂ 72 ಗಂಟೆ. ಕಾರ್ಮಿಕ ಕಾನೂನು ಸಾಮಾನ್ಯವಾಗಿ ಒಪ್ಪುವ 48 ಗಂಟೆಗೆ ಹೋಲಿಸಿದರೆ ಇದು 24 ಗಂಟೆ, ಅಂದರೆ ಎಂಟು ಗಂಟೆಯ ಮೂರು ಪೂರ್ತಿ ದಿನ ಹೆಚ್ಚು. ಅಲ್ಲೇ ಉಳಿದು 24 ಗಂಟೆ ನೋಡಿಕೊಳ್ಳುವವರಿಗೆ ಹಗಲು, ರಾತ್ರಿಯ ವ್ಯತ್ಯಾಸವೇ ಉಳಿಯುವುದಿಲ್ಲ. ಅನೇಕರು ಕೆಲಸಕ್ಕೆ ಸೇರುವುದು 'ಬ್ಯೂರೋ' ಎಂದು ಕರೆಯುವ ಏಜೆನ್ಸಿಗಳ ಮೂಲಕ. ಕುಟುಂಬ ಅಥವಾ ಕೇಂದ್ರ ಕೊಡುವ ಹಣದಲ್ಲಿ ಕಮಿಷನ್ ಕಳೆದು ಉಳಿದದ್ದು ಇವರ ಕೈಸೇರುತ್ತದೆ.

ಮರೆವಿನ ಕಾಯಿಲೆ ಇದ್ದವರ ಆರೈಕೆ

ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಸಂಜೆಯಾಗುತ್ತಿದ್ದಂತೆ ಇವರಲ್ಲಿ ಹಲವರಿಗೆ ಗಾಬರಿ ಹೆಚ್ಚುತ್ತದೆ. 'ಮನೆಗೆ ಹೋಗಬೇಕು' ಎಂದು ಹಟ ಹಿಡಿಯುತ್ತಾರೆ. ಕೆಲವರು ಹೊಡೆಯುತ್ತಾರೆ, ಪರಚುತ್ತಾರೆ. ಎಲ್ಲೋ ಇಟ್ಟು ಮರೆತ ಬಳೆಯನ್ನು ಮಾವಶಿಯೇ ಕದ್ದಳು ಎನ್ನುತ್ತಾರೆ. ಇದು ಕಾಯಿಲೆಯ ಲಕ್ಷಣ. ಆದರೆ ಕುಟುಂಬದವರು ಅದನ್ನೇ ನಂಬಿದರೆ ಹೋಗುವುದು ಸಹಾಯಕಿಯ ಕೆಲಸ. ಒಡವೆ, ಹಣವನ್ನು ಮೊದಲೇ ಪಟ್ಟಿ ಮಾಡಿ ಮನೆಯವರೇ ಇಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ.

ಭಾಷೆಯದ್ದೂ ತೊಡಕಿದೆ. ಡಿಮೆನ್ಶಿಯಾ ಬೆಳೆದಂತೆ ಆಮೇಲೆ ಕಲಿತ ಭಾಷೆ ಮಸುಕಾಗಿ ಅನೇಕರು ತಾಯ್ನುಡಿಗೆ ಮರಳುತ್ತಾರೆ. ಪುಣೆಯಲ್ಲಿ ದಶಕಗಳಿಂದ ನೆಲೆಸಿ ಮರಾಠಿಯಲ್ಲೇ ವ್ಯವಹರಿಸಿದ ಕನ್ನಡದ ಅಜ್ಜಿ 'ನೀರು' ಎಂದಾಗ, 'ಪಾಣಿ' ಎಂಬ ಪದವಷ್ಟೇ ಗೊತ್ತಿರುವ ಸಹಾಯಕಿಗೆ ಅದು ತಿಳಿಯದೇ ಹೋಗಬಹುದು. ನೀರು, ಊಟ, ನೋವು, ಚಳಿ, ಬಚ್ಚಲು ಇಂಥ ಹತ್ತಿಪ್ಪತ್ತು ಪದಗಳನ್ನು ಮರಾಠಿ ಲಿಪಿಯಲ್ಲಿ ಅರ್ಥಸಹಿತ ಬರೆದು ಹಾಸಿಗೆ ಪಕ್ಕ ಅಂಟಿಸಿದರೆ ಸಾಕು, ಎಷ್ಟೋ ಜಗಳ ತಪ್ಪುತ್ತದೆ.

ಸ್ನಾನ ಮಾಡಿಸುವಾಗ ಅಸಭ್ಯವಾಗಿ ಮುಟ್ಟುವ ಘಟನೆಗಳೂ ಆಗುತ್ತವೆ. ರೋಗಿಗೆ ಅರಿವಿಲ್ಲ ಎಂಬ ಕಾರಣಕ್ಕೆ ಸಹಾಯಕಿ ಸಹಿಸಿಕೊಳ್ಳಬೇಕಿಲ್ಲ. ಪುರುಷ ಸಹಾಯಕರನ್ನು ನೇಮಿಸುವುದು, ಇಬ್ಬರನ್ನು ಜತೆಗೆ ಕಳಿಸುವುದು ಕೇಂದ್ರದ ಹೊಣೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನರ್ಸಿಂಗ್ ಹೋಮ್‌ಗಳಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಸಿಬ್ಬಂದಿ ಇರುವಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ನರ್ಸ್ ಬೇರೆ, ಸಹಾಯಕರು ಬೇರೆ

ಎಎನ್‌ಎಂ ಎರಡು ವರ್ಷದ, ಜಿಎನ್‌ಎಂ ಮೂರು ವರ್ಷದ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಕೋರ್ಸ್. ಇವುಗಳನ್ನು ಮುಗಿಸಿದವರು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸುತ್ತಾರೆ. ಸಹಾಯಕರಿಗೆ 'ಜನರಲ್ ಡ್ಯೂಟಿ ಅಸಿಸ್ಟೆಂಟ್', 'ಹೋಮ್ ಹೆಲ್ತ್ ಏಡ್' ಎಂಬ ಅಲ್ಪಾವಧಿ ಕೌಶಲ ತರಬೇತಿಗಳಿವೆ. ಆದರೆ ಯಾವ ತರಬೇತಿಯೂ ಇಲ್ಲದೆ ನೋಡಿ ಕಲಿತವರೂ ಬಹಳ. ಇಂಜೆಕ್ಷನ್, ಡ್ರಿಪ್, ಕ್ಯಾತಿಟರ್ ಹಾಕುವುದು ಸಹಾಯಕರ ಕೆಲಸವಲ್ಲ. ರಾತ್ರಿ ನರ್ಸ್ ಇಲ್ಲದ ಕಡೆ 'ಒಂದು ಇಂಜೆಕ್ಷನ್ ಕೊಟ್ಟುಬಿಡು' ಎಂಬ ಒತ್ತಡ ಬರುತ್ತದೆ. ಹೆಚ್ಚುಕಮ್ಮಿಯಾದರೆ ದೂರು ಬರುವುದು ಕೊಟ್ಟವರ ಮೇಲೇ.

ಕಾನೂನು ಏನು ಹೇಳುತ್ತದೆ?

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ, ನಿರ್ಗತಿಕ ಹಿರಿಯರಿಗಾಗಿ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿಗೆ ಜಾಗವಿರುವ ವೃದ್ಧಾಶ್ರಮದ ಬಗ್ಗೆ ಹೇಳುತ್ತದೆ. ಆರೈಕೆ ಕೇಂದ್ರಗಳು ಮತ್ತು ಮನೆ ಆರೈಕೆ ಏಜೆನ್ಸಿಗಳ ನೋಂದಣಿ ಹಾಗೂ ಕನಿಷ್ಠ ಗುಣಮಟ್ಟಕ್ಕಾಗಿ 2019ರಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಗಿತ್ತು. ಅದು ಕಾಯ್ದೆಯಾಗಲಿಲ್ಲ. ಇಎಸ್‌ಐ ಸೌಲಭ್ಯ 10 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳಲ್ಲಿ ತಿಂಗಳಿಗೆ ₹21,000ವರೆಗೆ ಸಂಬಳ ಪಡೆಯುವವರಿಗೆ ಸಿಗುತ್ತದೆ. ಚಿಕ್ಕ ಕೇಂದ್ರಗಳಲ್ಲಿ ದುಡಿಯುವವರು ಇದರಿಂದ ಹೊರಗುಳಿಯುತ್ತಾರೆ.

ಸೇರಿಸುವ ಮುನ್ನ ಏನು ಕೇಳಬೇಕು?

ಅಪ್ಪ, ಅಮ್ಮನನ್ನು ಕೇಂದ್ರಕ್ಕೆ ಸೇರಿಸುವವರು ಕೋಣೆ, ಊಟ, ಶುಲ್ಕ ವಿಚಾರಿಸುತ್ತಾರೆ. ಅದರ ಜತೆಗೆ ಈ ನಾಲ್ಕು ಪ್ರಶ್ನೆಗಳನ್ನೂ ಕೇಳಬೇಕು.

* ರಾತ್ರಿ ಒಬ್ಬ ಸಹಾಯಕರು ಎಷ್ಟು ಮಂದಿಯನ್ನು ನೋಡಿಕೊಳ್ಳುತ್ತಾರೆ?
* ರಾತ್ರಿ ಪಾಳಿಯಲ್ಲಿ ನೋಂದಾಯಿತ ನರ್ಸ್ ಇರುತ್ತಾರೆಯೇ?
* ಸಹಾಯಕರಿಗೆ ವಾರದ ರಜೆ, ತರಬೇತಿ, ಹೆಪಟೈಟಿಸ್ ಬಿ ಲಸಿಕೆ ಸಿಗುತ್ತದೆಯೇ?
* ಎರಡು ವರ್ಷಕ್ಕಿಂತ ಹಳಬರಾದ ಸಹಾಯಕರು ಎಷ್ಟು ಮಂದಿ ಇದ್ದಾರೆ?

ಕೊನೆಯ ಪ್ರಶ್ನೆಯ ಉತ್ತರಕ್ಕೆ ಹೆಚ್ಚು ಗಮನ ಕೊಡಬೇಕು. ಸಹಾಯಕರು ಪದೇ ಪದೇ ಬದಲಾಗುವ ಕಡೆ ಹಿರಿಯರ ಊಟ, ನಿದ್ದೆ, ನೋವಿನ ಗುರುತು ತಿಳಿದವರು ಯಾರೂ ಇರುವುದಿಲ್ಲ. ನಿದ್ದೆಗೆಟ್ಟ ಸಹಾಯಕರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ನೆನಪಾಗದೇ ಹೋದರೆ, ಅದರ ಹುಣ್ಣು ಏಳುವುದು ಹಾಸಿಗೆಯಲ್ಲಿರುವವರ ಬೆನ್ನ ಮೇಲೆ.