ಸಿಸ್ಟರ್‌ಗೆ ಮಾರ್ಕು ಹಾಕೋ ಮುಂಚೆ...

ಮೊನ್ನೆ ರಾತ್ರಿ ನೆಂಟರೊಬ್ಬರನ್ನು ಸೇರಿಸಲು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್. ಒಂದು ಕಡೆ ಡ್ರಿಪ್ ಮುಗೀತು ಅಂತ ಕೂಗು, ಇನ್ನೊಂದು ಕಡೆ ಇಂಜೆಕ್ಷನ್ ಹೊತ್ತು. "ಕರೆದರೂ ಬರಲ್ಲ. ಇವರ ಮೇಲೆ ಬರೆದು ಹಾಕ್ಬೇಕು ಸ್ವಾಮಿ" ಎಂದು ಪಕ್ಕದ ಮಂಚದವರು ಗೊಣಗಿದರು.

ಬರೆಯುತ್ತಾರೆ! ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುವ ಕಾರ್ಯನಿರ್ವಹಣಾ ವರದಿಯೇ ಅದು. ಹಳಬರ ಬಾಯಲ್ಲಿ 'ಸಿ.ಆರ್.' ಬಡ್ತಿಯ ಹೊತ್ತಿಗೆ ಮೊದಲು ಬಿಚ್ಚೋದು ಅದನ್ನೇ.

ಹಿಂದೆ ಕೆಟ್ಟದ್ದು ಬರೆದರೆ ಮಾತ್ರ ನೌಕರರಿಗೆ ತಿಳಿಸುತ್ತಿದ್ದರು. ಒಬ್ಬ ಎಂಜಿನಿಯರ್‌ಗೆ 'ಗುಡ್' ಅಂತ ಬರೆದದ್ದೇ ಬಡ್ತಿಗೆ ಕಲ್ಲು ಹಾಕಿತು. ಬೇಕಿದ್ದದ್ದು 'ವೆರಿ ಗುಡ್'. ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಳ್ಳೆಯದಿರಲಿ ಕೆಟ್ಟದಿರಲಿ, ಬರೆದದ್ದನ್ನೆಲ್ಲ ನೌಕರರಿಗೆ ತಿಳಿಸಲೇಬೇಕು ಎಂದಿತು. ತೀರ್ಪು ಬಂದದ್ದು 12-5-2008ರಂದು. ಅದು ವಿಶ್ವ ದಾದಿಯರ ದಿನವೂ ಹೌದು!

ಸರಿ, ಮಾರ್ಕು ಹಾಕುವ ಮುನ್ನ ಲೆಕ್ಕ ಸರಿಯಿರಬೇಡವೇ? ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ 5 ರೋಗಿಗೆ ಒಬ್ಬರು, ಬೋಧನಾ ಆಸ್ಪತ್ರೆಯಲ್ಲಿ 3ಕ್ಕೆ ಒಬ್ಬರು ದಾದಿ ಇರಬೇಕು. ಹತ್ತಾರು ಮಂಚಕ್ಕೆ ಒಬ್ಬರನ್ನೇ ನಿಲ್ಲಿಸಿ, ಇಂಜೆಕ್ಷನ್ ತಡವಾಯ್ತು ಅಂತ ಕೆಂಪು ಗೀಟು ಎಳೆದರೆ, ಅದು ಸಿಸ್ಟರ್ ತಪ್ಪೋ, ಹುದ್ದೆ ತುಂಬದವರ ತಪ್ಪೋ?

ಕೆಲಸಗಳ್ಳರು ಇಲ್ಲ ಅಂತಲ್ಲ. ಅಂಥವರನ್ನು ಹಿಡಿಯಲಿ, ಬೇಡ ಅನ್ನೋರು ಯಾರು? ಆದರೆ ವರದಿ ಬರೆಯೋ ಸಾಹೇಬರು ಫ್ಯಾನಿನ ಕೆಳಗೆ ಕೂತು ಬರೆಯೋ ಬದಲು ಒಂದು ರಾತ್ರಿ ಪಾಳಿ ವಾರ್ಡಿನಲ್ಲಿ ನಿಂತು ನೋಡಲಿ. ಆಮೇಲೆ ಬೇಕಾದ್ದು ಬರೀಲಿ.